ಹೊದಿಕೆ ಇಲ್ಲದ ವೈರಸ್

ಇಷ್ಟೆಲ್ಲ ಆದದ್ದು ಮಧ್ಯಾಹ್ನದ ಒಂದು ಸಣ್ಣ ಜೋಂಪಿನಿಂದ.

ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ರಟ್ಟು, ಅಂಟು, ಕತ್ತರಿಗಳ ನಡುವೆ ದಿನ ಕಳೆಯುತ್ತಿದ್ದ ಅವನನ್ನು ಎಲ್ಲರೂ ‘ಮಾದರಿ ಮೇಷ್ಟ್ರು’ ಎನ್ನುತ್ತಿದ್ದರು. ಪಾಠವನ್ನು ಮಾತ್ರ ಅವನು ಒಂದು ದಿನವೂ ಮಾಡಿದವನಲ್ಲ. ಆರು ವರ್ಷದಿಂದ ಹಂಗಾಮಿ ನೌಕರ. ಈಗ ವೈರಸ್‌ಗಳ ಕೋಣೆಗೆ ಹನ್ನೆರಡು ಮಾದರಿಗಳು ಬೇಕಾಗಿದ್ದವು, ಒಂದೊಂದು ವೈರಸ್ ಕುಟುಂಬಕ್ಕೆ ಒಂದರಂತೆ. ಮೊದಲನೆಯದನ್ನು ಇವತ್ತು ಮೂರು ಗಂಟೆಗೆ ಹಿರಿಯ ಪ್ರೊಫೆಸರಮ್ಮ ನೋಡಿ ಮೆಚ್ಚಿದರೆ, ಉಳಿದ ಹನ್ನೊಂದನ್ನು ಮಾಡಲು ಅವನ ಕೆಲಸ ಕಾಯಂ.

ಅವನು ಮಾಡಿದ್ದು ನೆಗಡಿಯ ವೈರಸ್. ಇಪ್ಪತ್ತು ತ್ರಿಕೋನಗಳನ್ನು ಜೋಡಿಸಿದ ಚಿಪ್ಪು, ಒಳಗೆ ಆರ್‌ಎನ್‌ಎ ಎಂದು ಒಂದೇ ಎಳೆಯ ಕೆಂಪು ದಾರ, ಹೊರಗೆ ಏನೂ ಇಲ್ಲ. ಚಾವಣಿಯಿಂದ ನೇತುಹಾಕಿದಾಗ ಕಿಟಕಿಯ ಬಿಸಿಲಿನಲ್ಲಿ ಅದು ಮೆಲ್ಲಗೆ ತಿರುಗತೊಡಗಿತು. ನೋಡುತ್ತ ನೋಡುತ್ತ ಅವನಿಗೂ ತೇಲಿದಂತಾಯಿತು. ಕನಸಿನಲ್ಲಿ ಅವನು ಆ ಚಿಪ್ಪಿನೊಳಗೇ ಕೂತಿದ್ದ. ಇಪ್ಪತ್ತು ಕಿಟಕಿ, ಇಪ್ಪತ್ತು ಬಗೆಯ ಬೆಳಕು. ಕೆಂಪು ದಾರ ತನ್ನಂಥದೇ ಇನ್ನೊಂದು ದಾರ ಮಾಡುವ ಗುಟ್ಟನ್ನು ಕಿವಿಯಲ್ಲಿ ಉಸುರುತ್ತಿತ್ತು.

ಆ ಹೊತ್ತಿಗೆ ಲೈಬ್ರರಿ ಅಕ್ಕ ಬಂದಳು. ಮೇಜಿನ ಮೇಲೆ ಒರಗಿದ್ದ ಅವನ ಕೆನ್ನೆಯ ಕೆಳಗೆ ತನ್ನ ಶಾಲು ಮಡಚಿ ಇಟ್ಟಳು. ಆಮೇಲೆ ಮಾದರಿ ಕಂಡಿತು.

“ಅಯ್ಯೋ, ಬೋಳು ಬೋಳಾಗಿದೆಯಲ್ರೀ! ಪುಸ್ತಕದ ವೈರಸ್ ಚಿತ್ರದಲ್ಲಿ ಮೇಲೊಂದು ಹೊದಿಕೆ ಇತ್ತು.”

“ಮುಳ್ಳೂ ಇತ್ತು,” ಎಂದ ಅವಳ ಹಿಂದೆಯೇ ಬಂದ ಗುಮಾಸ್ತ. “ಪಾಪ, ಸುಸ್ತಾಗಿ ಅರ್ಧಕ್ಕೇ ಬಿಟ್ಟಿದ್ದಾರೆ. ಎಬ್ಬಿಸಬೇಡಿ, ನಾವೇ ಮುಗಿಸಿಬಿಡೋಣ.”

ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಹಾಕಿಸಿಕೊಂಡು, ಹೊದಿಕೆಯಾಯಿತು. ಅದರ ಮೇಲೆಲ್ಲ ಗುಮಾಸ್ತನ ಗುಂಡುಸೂಜಿಗಳು ನಿಂತವು.

ಮೂರಕ್ಕೆ ಐದು ನಿಮಿಷವಿದ್ದಾಗ ಅವನು ಕಣ್ಣು ಬಿಟ್ಟ. ಎದುರಿಗೆ ಮುಳ್ಳುಹಂದಿಯೊಂದು ಮಳೆಕೋಟು ತೊಟ್ಟು ತೂಗಾಡುತ್ತಿತ್ತು.

“ಯಾರು ಮಾಡಿದ್ದಿದು?”

“ನಾವೇ!” ಎಂದಳು ಅಕ್ಕ. “ಅಷ್ಟಕ್ಕೆಲ್ಲ ಥ್ಯಾಂಕ್ಸ್ ಬೇಡ ಮೇಷ್ಟ್ರೇ.”

“ಅಕ್ಕಾ, ನೆಗಡಿ ವೈರಸ್ಸಿಗೆ ಹೊದಿಕೆಯೇ ಇರಲ್ಲ! ನೀವು ಅದರ ಮನೆತನವನ್ನೇ ಬದಲಾಯಿಸಿಬಿಟ್ರಿ!”

“ಹೌದಾ?” ಅಕ್ಕನ ಮುಖ ಸಣ್ಣದಾಯಿತು. “ನೆಗಡಿ ಅಂದಮೇಲೆ ಬೆಚ್ಚಗಿರಲಿ ಅಂದ್ಕೊಂಡೆ.”

ಅಷ್ಟರಲ್ಲಿ ಪ್ರೊಫೆಸರಮ್ಮ ಒಳಗೆ ಬಂದರು. ಅವನು ಮಲಗಿದ್ದಾಗ ತೋಳಿನಡಿ ಸಿಕ್ಕಿಕೊಂಡಿದ್ದ ‘ನೆಗಡಿಯ ವೈರಸ್, ಹೊದಿಕೆ ಇಲ್ಲದ್ದು’ ಎಂಬ ಚೀಟಿ ಓದಿದರು, ಮಳೆಕೋಟನ್ನು ನೋಡಿದರು. ಅವನು ಅಂಟುಪಟ್ಟಿ ಎಳೆದ. ನಿದ್ದೆಯಲ್ಲಿ ಕಂಬಳಿ ಜಾರುವಂತೆ ಹೊದಿಕೆ ಜಾರಿತು. ಇಪ್ಪತ್ತು ಮುಖದ ಚಿಪ್ಪು ಬಿಸಿಲಿನಲ್ಲಿ ಮಿನುಗುತ್ತ ತಿರುಗಿತು.

“ಅಬ್ಬಾ, ಎಷ್ಟು ಚೆಂದ!” ಎಂದರು ಪ್ರೊಫೆಸರಮ್ಮ.

ಅವನ ಕಣ್ಣ ಮುಂದೆ ಕಾಯಂ ಆದೇಶ ತೇಲಿಬಂತು.

ಅವರು ಮಗುವಿನಂತೆ ಹೊದಿಕೆಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. “ಹೊದಿಸಿದ್ರೆ ಒಂದು ಕುಟುಂಬ, ಬಿಚ್ಚಿದ್ರೆ ಇನ್ನೊಂದು! ಒಳಗೆ ಜೋಡಿ ದಾರ ಹಾಕಿದ್ರೆ ಮತ್ತೊಂದು! ಮೇಷ್ಟ್ರೇ, ಹನ್ನೆರಡು ಮಾದರಿಯ ಕೆಲಸ ಇದೊಂದೇ ಮಾಡುತ್ತಲ್ರೀ!”

“ಮೇಡಂ, ಕೋಲಿನ ಹಾಗಿರೋ ವೈರಸ್‌ಗಳೂ ಇವೆ…”

“ಅದಕ್ಕೆ ಈ ಕಾಗದದ ಸುರುಳಿ ಸಾಕಪ್ಪ.” ಅವನ ಮೇಜಿನಿಂದಲೇ ಒಂದನ್ನು ಎತ್ತಿಕೊಂಡರು. ಗುಮಾಸ್ತನ ಕಡೆ ತಿರುಗಿ, “ಉಳಿದ ಹನ್ನೊಂದು ಬೇಡವೇ ಬೇಡ. ಆ ಕಾಯಂ ಹುದ್ದೆಯ ಕಡತ ಇವತ್ತೇ ಮುಚ್ಚಿಬಿಡಿ. ಇಂಥ ಬುದ್ಧಿವಂತರು ಕಾಲೇಜಿನಲ್ಲಿ ಇನ್ನೊಬ್ಬರಿಲ್ಲ!” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಲೈಬ್ರರಿ ಅಕ್ಕನ ಕಣ್ಣಂತೂ ಸಂತೋಷದಿಂದ ಒದ್ದೆಯಾಗಿತ್ತು. ನಿದ್ದೆಗಣ್ಣಿನಲ್ಲಿ ಅವನೂ ತಟ್ಟಿದ.