ಏರುಕೆರೆಯ ಎತ್ತರದ ಕಲ್ಲು

ಪಿರಿಯಾಪಟ್ಟಣ ತಾಲ್ಲೂಕಿನ ಏರುಕೆರೆ ಪಟ್ಟಣದಲ್ಲಿ ಅತಿ ಎತ್ತರವಾದ ಜಾಗ ಕೆರೆಯ ಮೆಟ್ಟಿಲು. ಇದು ೧೯೫೪ರಿಂದ ಸರ್ಕಾರಿ ದಾಖಲೆಯಲ್ಲಿರುವ ಸಂಗತಿ. ಬರೆದವನು ನಾನೇ, ಅಮಲ್ದಾರರ ಕಚೇರಿಯ ಗುಮಾಸ್ತ.

ಹಿಂದೆ ಸರ್ವೆಯವರು ಗುಡ್ಡದ ನೆತ್ತಿಯಲ್ಲಿ ಕಲ್ಲು ನೆಟ್ಟು, 'ಈ ಕಲ್ಲಿರುವ ಜಾಗವೇ ಊರಿಗೆಲ್ಲ ಎತ್ತರ' ಎಂದು ರಿಜಿಸ್ಟರಿನಲ್ಲಿ ದಾಖಲಿಸಿದ್ದರು. ಕಲ್ಲು ಬಲು ನುಣುಪಾಗಿತ್ತು. ಬಟ್ಟೆ ಒಗೆಯಲು ಲಾಯಕ್ಕೆಂದು ಊರಿನ ಹೆಂಗಸರು ಅದನ್ನು ಕಿತ್ತು ಕೆರೆಯ ಮೆಟ್ಟಿಲಿಗೆ ಉರುಳಿಸಿಕೊಂಡರು. ಅದರ ಜೊತೆ ಊರಿನ ಎತ್ತರವೂ ಇಳಿದು ಬಂದದ್ದು ಅವರಿಗೆ ತಿಳಿಯಲಿಲ್ಲ.

ಆ ಮಳೆಗಾಲ ಕೆರೆ ತುಂಬಿ, ದಡದಲ್ಲಿದ್ದ ಪುಟ್ಟಮಾದಮ್ಮನ ಮನೆಗೆ ನೀರು ನುಗ್ಗಿತು. ವರ್ಷಕ್ಕಿಟ್ಟಿದ್ದ ರಾಗಿ ಮೂಟೆಯಲ್ಲೇ ಮೊಳಕೆಯೊಡೆಯಿತು. ಗುಡ್ಡದ ಮೇಲೊಂದು ಜಾಗ ಕೊಡಿಸಿ ಎಂದು ಅರ್ಜಿ ಹಾಕಿದಳು. ಅಮಲ್ದಾರರು ಖುದ್ದಾಗಿ ಕಲ್ಲು ನೋಡಿ ಬಂದು ಹಿಂಬರಹ ಕೊಟ್ಟರು: "ಅರ್ಜಿದಾರಳು ಊರಿನ ತುತ್ತತುದಿಯಲ್ಲಿ ವಾಸವಿದ್ದು, ಅಲ್ಲಿಗೆ ನೀರು ಹತ್ತುವ ಸಂಭವವಿಲ್ಲ. ಒಳಬಂದ ನೀರನ್ನು ಅನಧಿಕೃತವೆಂದು ಪರಿಗಣಿಸಲಾಗಿದೆ."

ಗುಡ್ಡದ ನೆತ್ತಿಯಲ್ಲಿ ಪುರಸಭೆ ಅಧ್ಯಕ್ಷ ಗಂಗಾಧರಪ್ಪನವರ ಮನೆ. ಹೊಗೆಸೊಪ್ಪಿನ ವ್ಯಾಪಾರಿಗಳು, ಓದು ಬಲ್ಲವರು. ಹಿಂಬರಹ ಓದಿ ಕೇಳಿದರು: "ಅಂಗಾದ್ರೆ ನಮ್ಮನೆ ತಗ್ಗಲ್ಲಿದ್ದಂಗಾಯ್ತಲ್ಲ, ಸ್ವಾಮಿ?"

"ದಾಖಲೆ ಪ್ರಕಾರ ತೀರಾ ತಗ್ಗು," ಎಂದರು ಅಮಲ್ದಾರರು.

ಅಧ್ಯಕ್ಷರು ರಸೀದಿಗೆ ರುಜು ಹಾಕಿದರು; ನೆರೆ ಪರಿಹಾರದ ಹಂಚು, ತೊಲೆಗಳೆಲ್ಲ ಗುಡ್ಡ ಹತ್ತಿದವು. ಎತ್ತುಗಳ ಬಾಯಲ್ಲಿ ನೊರೆ ಬಂತು. ಗಾಡಿ ಚೀಟಿಯಲ್ಲಿ ನಾನು 'ಇಳಿಜಾರು ದಾರಿ' ಎಂದು ಬರೆದೆ.

ಮಾರನೆಯ ದಿನ ಪುಟ್ಟಮಾದಮ್ಮ ಒದ್ದೆ ಸೀರೆಯಲ್ಲೇ ಕಚೇರಿಗೆ ಬಂದಳು. "ಬುದ್ಧಿ, ಮುಳುಗೋ ಜಾಗದಲ್ಲಿ ಅಧ್ಯಕ್ಷರ ಸಂಸಾರ ಇರಬೌದಾ? ನನ್ನ ಎತ್ತರದ ಮನೆ ಅವರೇ ಮಡಿಕಳ್ಳಿ. ಆ ತಗ್ಗಲ್ಲಿ ನಾನು ಎಂಗೋ ಇರ್ತೀನಿ."

ಇಂಥ ತ್ಯಾಗ ಕಂಡು ಅಮಲ್ದಾರರ ಕಣ್ಣು ತುಂಬಿತು. ಪರಿಹಾರ ಪಡೆದವರು ಎತ್ತರದ ಜಾಗಕ್ಕೆ ಹೋಗತಕ್ಕದ್ದೆಂದು ಹಂಚಿನ ರಸೀದಿಯ ಹಿಂದೆಯೇ ಅಚ್ಚಾಗಿತ್ತು.

"ನಮ್ಮನೆ ಗುಡ್ಡದ ಮೇಲೈತೆ ಕಣ್ರೀ," ಎಂದರು ಗಂಗಾಧರಪ್ಪನವರು. "ಕಣ್ಣಿಗೇ ಕಾಣ್ತದಲ್ಲ."

"ರುಜು ತಮ್ಮದೇ ಅಲ್ಲವೇ?" ಎಂದರು ಅಮಲ್ದಾರರು.

ಈಗ ಅಧ್ಯಕ್ಷರು ಕೆರೆದಡದಲ್ಲಿ, ಮಂಚದ ಮೇಲೆ ಕಾಲು ಮಡಚಿ ಕೂತು ಕಡತ ನೋಡುತ್ತಾರೆ. ಕಲ್ಲನ್ನು ಗುಡ್ಡಕ್ಕೆ ವಾಪಸು ಸಾಗಿಸಬೇಕೆಂದು ಅವರೇ ಪುರಸಭೆಗೆ ಅರ್ಜಿ ಕೊಟ್ಟರು. ಕಲ್ಲನ್ನು ತಗ್ಗಿಗೆ ಇಳಿಸಿದರೆ ಪಟ್ಟಣದ ಎತ್ತರ ಕುಗ್ಗುವುದೆಂದು ಸದಸ್ಯರೆಲ್ಲ ತಿರಸ್ಕರಿಸಿದರು. ತಿರಸ್ಕಾರದ ಕೆಳಗೆ ಅಧ್ಯಕ್ಷರ ರುಜು ಇದೆ.

ಪುಟ್ಟಮಾದಮ್ಮ ಹೊಸ ಹಂಚಿನ ಮನೆಯ ಜಗಲಿಯಲ್ಲಿ ರಾಗಿ ಒಣಗಿಸುತ್ತಾಳೆ. ಯಾರಾದರೂ ಯೋಗಕ್ಷೇಮ ಕೇಳಿದರೆ, "ತಗ್ಗು ಜಾಗ ಕಣವ್ವ, ಏನ್ ಮಾಡದು, ಒಗ್ಗೋಯ್ತು," ಅನ್ನುತ್ತಾಳೆ.