ಬುಡ್ಡೇಸಾಬನ ಕಿವಿಯೂ ಬಿಜ್ಜರಗಿಯ ಧಾಟಿಯೂ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಂಗಿ ಹೊಲಿಯುವ ಬುಡ್ಡೇಸಾಬನ ಕಿವಿಗಳು ಸಾಮಾನ್ಯ ಕಿವಿಗಳಲ್ಲ. ಲೋಕದ ಯಾವ ಸದ್ದು ಅವುಗಳೊಳಗೆ ಹೊಕ್ಕರೂ ಅದು ಅವನ ಸ್ವಂತ ಧಾಟಿಯಾಗಿಬಿಡುತ್ತಿತ್ತು. ತನ್ನ ಹುಟ್ಟೂರು ಹೊನವಾಡದ ಬಸ್ಸು ಹಾರ್ನ್ ಹೊಡೆದರೆ ಕತ್ತರಿ ಕೆಳಗಿಟ್ಟು, "ನನ್ನ ಧಾಟಿ ಆ ಡ್ರೈವರಗ ಯಾರ ಕೊಟ್ರು?" ಎನ್ನುವನು. ಮನೆಯ ಕುಕ್ಕರಿನ ಸೀಟಿ ತಾನು ಹೋದ ಪಂಚಮಿಗೆ ಕಟ್ಟಿದ ಪದದಿಂದ ಕದ್ದದ್ದೆಂದು ಒಮ್ಮೆ ಬಹಳ ಹೊತ್ತು ವಾದಿಸಿದ್ದನು. (ಕುಕ್ಕರ್ ಎದುರಾಡಲಿಲ್ಲ. ಬೇಳೆ ಮಾತ್ರ ಸೀದು ಹೋಯಿತು.)

ಇಷ್ಟಕ್ಕೂ ಅವನು ಹೆಜ್ಜೆಮೇಳದ ಗುರು. ಕಾಲಿಗೆ ಗೆಜ್ಜೆ ಕಟ್ಟಿ ಸುತ್ತು ಹಾಕಿ ಕುಣಿಯುವ ಆ ಮೇಳಕ್ಕೆ ಒಂದು ಹಳೆಯ ಮರ್ಯಾದೆ ಇದೆ. ಪದದ ಕೊನೆಯ ನುಡಿಯಲ್ಲಿ ಧಾಟಿ ಕಟ್ಟಿದವನ ಊರು, ಹೆಸರು ಹಾಡಿಯೇ ಮುಗಿಸಬೇಕು. ಪದಗಳು ಮೊಬೈಲಿನ ಸ್ಟೇಟಸ್ಸಿಗೆ ಏರಿದ ಮೇಲೆ ಈ ಮರ್ಯಾದೆ ಮಣ್ಣುಪಾಲಾಯಿತು. ಜನ ಮೊದಲ ನುಡಿ ಇಟ್ಟುಕೊಂಡು ಉಳಿದದ್ದನ್ನು ಕೊಯ್ದು ಒಗೆಯತೊಡಗಿದರು. ಕುಣಿತ ಉಳಿಯಿತು, ಹೆಸರು ಹೋಯಿತು.

ಆಗ ಮೇಳದವರ ವಾಟ್ಸಾಪ್ ಗುಂಪಿನ ಅಡ್ಮಿನ್ ಸಾರ್ವಭೌಮನಾದ ಬುಡ್ಡೇಸಾಬ ಶಾಸನ ಹೊರಡಿಸಿದ. ಹೊಸ ಧಾಟಿಯನ್ನು ಯಾರೂ ತುಂಡು ಮಾಡಬಾರದು. ಪೂರ್ತಿ ಕೇಳದೆ ಯಾರೂ ಬಾಯಿ ಬಿಡಬಾರದು. ತನ್ನ ಹೊಸ ಪದದಲ್ಲಂತೂ ಮುಂಜಾಗ್ರತೆಗೆ ಹೆಸರನ್ನು ಮೊದಲ ನುಡಿಗೇ ತಂದ. ಅದರಿಂದಲೂ ಧೈರ್ಯ ಸಾಲದೆ ಪಲ್ಲವಿಗೂ ಸೇರಿಸಿದ.

ಅದೇ ವಾರ ಬಿಜ್ಜರಗಿಯ ಬಸಲಿಂಗಯ್ಯ ಗುಂಪಿಗೆ ಒಂದು ಪದ ಕಳಿಸಿದ. ಇಬ್ಬರೂ ಹುಡುಗರಿದ್ದಾಗಿನಿಂದ ಗೆಳೆಯರು, ಗೆಜ್ಜೆ ಕಟ್ಟಿದರೆ ಮಾತ್ರ ವೈರಿಗಳು. ಎರಡು ದಿನದಲ್ಲಿ ಆ ಪದದ ಮೊದಲ ನುಡಿ ತಿಕೋಟಾದಿಂದ ಬಬಲೇಶ್ವರದವರೆಗೆ ಎಲ್ಲರ ಸ್ಟೇಟಸ್ಸಿನಲ್ಲಿ ಕುಣಿಯತೊಡಗಿತು. ಕಡೆಗೆ ಬುಡ್ಡೇಸಾಬನ ಹೆಂಡತಿ ಸಬೀರಾಳ ಸ್ಟೇಟಸ್ಸಿನಲ್ಲೂ.

"ನಿನ್ನ ಫೋನಿನ್ಯಾಗ ಆ ಬಿಜ್ಜರಗಿಯಂವ ಯಾಕ ಕುಂತಾನ?"

"ಕುಂತಿಲ್ರಿ, ಕುಣ್ಯಾಕತ್ತಾನ," ಎಂದಳು ಸಬೀರಾ, ರೊಟ್ಟಿ ಬಡಿಯುತ್ತ.

"ನಿನ್ನ ಗಂಡಂದೂ ಒಂದ ಹೊಸಾ ಪದ ಐತಿ. ಖಬರ್ ಐತೇನ?"

"ಇಟ್ಟಿದ್ದೆನ್ರಿ. ನಮ್ಮ ತಂಗಿ ನಸ್ರೀನ ಫೋನ್ ಹಚ್ಚಿದ್ಳು. 'ಬುಡ್ಡೇಸಾಬ, ಬುಡ್ಡೇಸಾಬ ಅಂತ ಒಂದ ಸವನ ಕೂಗಾಕತ್ತೀರಿ, ಭಾವಾ ಎಲ್ಲೆರ ಕಳದ ಹೋಗ್ಯಾರೇನ' ಅಂದ್ಳು. ತಗದಬಿಟ್ಟೆ."

ಅವಳ ರೊಟ್ಟಿ ಬಡಿತ ಬಿಜ್ಜರಗಿಯ ಧಾಟಿಯಲ್ಲೇ ಬೀಳುತ್ತಿತ್ತು. ಬುಡ್ಡೇಸಾಬ ಸಿಟ್ಟಿನಿಂದ ಹೊಲಿಗೆ ಯಂತ್ರಕ್ಕೆ ಕೂತ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಪೆಡಲಿನ ಮೇಲೆ ತನ್ನ ಕಾಲೂ ಅದೇ ಧಾಟಿ ಹಿಡಿದದ್ದು ಗೊತ್ತಾಗಿ, ಹಾವು ತುಳಿದವನಂತೆ ಕಾಲೆತ್ತಿದ. ಮನೆಯಲ್ಲೇ ಇಬ್ಬರು ದ್ರೋಹಿಗಳು.

ಹೊಟ್ಟೆಕಿಚ್ಚಿಗೆ ಇನ್ನೊಂದು ಕಾರಣವೂ ಇತ್ತು. ತಿಕೋಟಾದ ಶೈಲಶ್ರೀ ತನ್ನ ಹೆಣ್ಣುಮಕ್ಕಳ ಮೇಳವನ್ನು ಬಬಲೇಶ್ವರದ ಪಂದ್ಯಕ್ಕೆ ಒಯ್ಯಲು ಗುರುವನ್ನು ಹುಡುಕುತ್ತಿದ್ದಳು. ಆ ಪೀಠ ತನ್ನದೆಂದು ನಂಬಿ ಬುಡ್ಡೇಸಾಬ ತನಗೊಂದು ಹೊಸ ಅಂಗಿಯನ್ನೂ ಹೊಲಿದುಕೊಂಡಿದ್ದ. ಈಗ ಅವಳು ಗುಂಪಿನಲ್ಲಿ, "ಬಿಜ್ಜರಗಿ ಧಾಟಿ ಹೆಂಗೈತ್ರಿ ಗುರುಗಳ?" ಎಂದು ಕೇಳಿದ್ದಳು.

ಬುಡ್ಡೇಸಾಬ ಮೀಸೆ ತಿರುವಿ ಧ್ವನಿಸಂದೇಶ ಬಿಟ್ಟ. "ಕುಂಟ ಎಮ್ಮಿ ರಾಡ್ಯಾಗ ನಡದಂಗ ಐತಿ. ಈ ಧಾಟಿ ಕಟ್ಟಿದಂವಗ ತಾಳಾ ಗೊತ್ತಿಲ್ಲ, ಲಯಾ ಗೊತ್ತಿಲ್ಲ. ಅಂಥವನ ಕೈಯಾಗ ಮೇಳಾ ಕೊಟ್ರ ಹುಡಿಗ್ಯಾರ ಕಾಲ ಉಳಕತಾವ."

ಮರುದಿನ ಬಸಲಿಂಗಯ್ಯ ಒಣದ್ರಾಕ್ಷಿಯ ಚೀಲ ಹಿಡಿದು ಮನೆಗೇ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಬುಡ್ಡೇಸಾಬ, ಪದಾ ಪೂರ್ತಿ ಕೇಳಿಯೇನ?"

"ಎಮ್ಮಿ ಗೊತ್ತಾಗಾಕ ಬಾಲದ ತನಕಾ ನೋಡಬೇಕೇನ?"

ಬಸಲಿಂಗಯ್ಯ ತನ್ನ ಫೋನಿನಲ್ಲಿ ಪದ ಹಚ್ಚಿ ಕೊನೆಯ ನುಡಿಗೆ ತಂದಿಟ್ಟ.

*ಹೊನವಾಡ ಊರಿನ ಬುಡ್ಡೇಸಾಬ ಗುರುವು*
*ಧಾಟಿಯ ಕೊಟ್ಟಾನ ನಮ್ಮ ಹೆಜ್ಜಿಗೆ*

"ಹ್ವಾದ ವರ್ಷ ತ್ವಾಟಕ್ಕ ಬಂದು ನನ್ನ ಅಂಗಿ ಅಳತಿ ತಗೊಳ್ಳೂಮುಂದ ಗುನಗಾಕತ್ತಿದ್ದೆಲ್ಲ, ಅದೇ ಧಾಟಿ. ಮಾತು ನಂದು, ಧಾಟಿ ನಿಂದು," ಎಂದ ಬಸಲಿಂಗಯ್ಯ.

ಬಸ್ಸಿನ ಹಾರ್ನಿನಲ್ಲಿ, ಕುಕ್ಕರಿನ ಸೀಟಿಯಲ್ಲಿ ತನ್ನನ್ನೇ ಕೇಳಿಸಿಕೊಂಡ ಆ ಮಹಾಕಿವಿ, ತನ್ನ ಸ್ವಂತ ಧಾಟಿ ಬಂದು ಕದ ತಟ್ಟಿದಾಗ ಎಮ್ಮೆ ಎಂದು ಅಟ್ಟಿತ್ತು.

ಬುಡ್ಡೇಸಾಬ ಶೈಲಶ್ರೀಗೆ ಫೋನ್ ಹಚ್ಚಿದ. ಅವಳು ಮೊದಲೇ ಶುರುಮಾಡಿದಳು. "ನೀವು ಹೇಳಿದ್ದ ಚೊಲೊ ಆತ್ರಿ. ಧಾಟಿ ಕಟ್ಟಿದವ್ರನ್ನ ಗುರು ಮಾಡ್ಕೋರಿ ಅಂತ ಬಸಲಿಂಗಯ್ಯಾರು ಭಾಳ ಹೇಳಿದ್ರು. ನಿಮ್ಮ ಮಾತ ಕೇಳಿದ ಮ್ಯಾಲ, ಅವ್ರು ಯಾರರೆ ಇರ್ಲಿ, ಬ್ಯಾಡಾ ಅಂದಬಿಟ್ಟೇವ್ರಿ. ಹೊನ್ನುಟಗಿ ಕಡೆಯಿಂದ ಒಬ್ರು ಬರಾಕತ್ತಾರ."

ಬುಡ್ಡೇಸಾಬ ಫೋನ್ ಇಟ್ಟ. ಗೂಟಕ್ಕೆ ನೇತುಹಾಕಿದ ಹೊಸ ಅಂಗಿ ಗಾಳಿಗೆ ಅಲುಗುತ್ತಿತ್ತು, ಅದೂ ಅದೇ ಧಾಟಿಯಲ್ಲಿ.

ಸಬೀರಾ ಇಬ್ಬರಿಗೂ ಚಹಾ ತಂದಿಟ್ಟು ಗಂಡನ ಎದುರೇ ಕೂತಳು.

"ಪೂರ್ತಿ ಕೇಳದ ಬಾಯಿ ಬಿಡಬಾರ್ದು ಅಂತ ಊರಿಗೆಲ್ಲಾ ಬರದ ಕಳಿಸಿದವ್ರು ನೀವು. ನೀವಾ ಒಂದ ಸಲಾನೂ ಪೂರ್ತಿ ಯಾಕ ಕೇಳಲಿಲ್ರಿ?"

ಬುಡ್ಡೇಸಾಬ ಚೀಲಕ್ಕೆ ಕೈ ಹಾಕಿ ನಾಲ್ಕು ಒಣದ್ರಾಕ್ಷಿ ಬಾಯಿಗೆ ಒಗೆದುಕೊಂಡ.

"ಪದಾ ಚೊಲೊ ಇತ್ತು, ಅದಕ್ಕ," ಎಂದ.