ಬಂಗಾರದ ಅತ್ತೆ

ಈ ಊರಿನ ಮರ್ಯಾದಸ್ಥರನ್ನೆಲ್ಲ ಒಂದೇ ಒಂದು ಸಿನಿಮಾದಿಂದ ಕುರ್ಚಿ ಬಿಟ್ಟು ಓಡಿಸುತ್ತೇನೆ ಎಂದು ನಾನು ಶಪಥ ಮಾಡಿದೆ! ಕನ್ನಡಕದಂಗಡಿಯಲ್ಲಿ ಹಗಲಿಡೀ ಮಂದಿಯ ಕಣ್ಣು ಪರೀಕ್ಷಿಸುವವನು ನಾನು. ಅವರ ಕಣ್ಣು ತೆರೆಸುವುದೂ ನನ್ನದೇ ಹೊಣೆ ಎನಿಸಿತ್ತು. ಫಿಲಂ ಸೊಸೈಟಿಯಲ್ಲಿ ಬಂಡುಕೋರ ನಿರ್ದೇಶಕರ ಚಿತ್ರಗಳನ್ನು ನೋಡಿ ನೋಡಿ ಗುಟ್ಟು ತಿಳಿದಿತ್ತು: ಕಣ್ಣು ಕುಕ್ಕುವ ಬಣ್ಣ, ಸದಭಿರುಚಿಗೆ ಎಳ್ಳುನೀರು, ಎಲ್ಲವೂ ಅತಿ!

ನನ್ನ ಕಥೆ ಇಷ್ಟು. ಕಮೋಡಿನ ಸಿಂಹಾಸನದ ಮೇಲೆ ಚಿನ್ನದ ಮುಖದ ಮಹಾರಾಣಿ. ಸುತ್ತ ಪ್ಲಾಸ್ಟಿಕ್ ಹೂವಿನ ರಾಶಿ. ಆಕೆ ಎರಡೂ ಕೈಯಲ್ಲಿ ಕೇಕು ಮುಕ್ಕುತ್ತ ಪ್ರೇಕ್ಷಕರನ್ನು ಬೈಯುತ್ತಾಳೆ.

"ನೀನೇ ರಾಣಿ," ಎಂದೆ ಹೆಂಡತಿಗೆ.

"ನಿಮ್ಮನ್ನ ಕಟ್ಟಿಕೊಂಡಿದ್ದೇ ಅತಿಯಾಯ್ತು ರೀ!"

ಪೇಪರ್ ಓದುತ್ತಿದ್ದ ಅತ್ತೆ, ಅಂದರೆ ನನ್ನವಳ ತಾಯಿ, ನಿವೃತ್ತ ಗಣಿತದ ಟೀಚರ್, ತಲೆಯೆತ್ತಿದರು. "ಬೈಗುಳ ನಾನೇ ಆರಿಸ್ಕೋಬಹುದಾ ಅಳಿಯಂದ್ರೇ?"

ಭಾನುವಾರ ಬೆಳಿಗ್ಗೆ ಬಾತ್‌ರೂಮಿನಲ್ಲಿ ಚಿತ್ರೀಕರಣ. ಚಿನ್ನದ ಬಣ್ಣ ತಂದವನು ನಾನು, ಅತ್ತೆಯ ಮುಖಕ್ಕೆ ಬಳಿದವನೂ ನಾನು. ಮೂವತ್ತೆರಡು ವರ್ಷ ತರಗತಿಯಲ್ಲಿ ಆಡಲಾಗದೆ ನುಂಗಿಕೊಂಡಿದ್ದನ್ನೆಲ್ಲ ಅವರು ಕ್ಯಾಮೆರಾದ ಮುಂದೆ ಸುರಿದರು. ನಾನು ಎರಡು ಸಲ ಕಿವಿ ಮುಚ್ಚಿಕೊಂಡೆ.

ಆಮೇಲೆ ಅತ್ತೆ ಮುಖ ತೊಳೆದರು. ಚಿನ್ನ ಹೋಗಲಿಲ್ಲ. ಸೋಪು ಹಾಕಿದರು. ಹೋಗಲಿಲ್ಲ. ಹೆಂಡತಿ ಡಬ್ಬಿ ಹುಡುಕಿ ತಂದು ಓದಿದಳು.

"ರೀ, ಇದು ಗೇಟಿಗೆ ಹೊಡೆಯೋ ಪೇಂಟು! ಮಳೆ ಬಿಸಿಲಿಗೆ ಜಗ್ಗಲ್ಲ ಅಂತ ಬರ್ದಿದೆ!"

"ಬಣ್ಣ ಚೆನ್ನಾಗಿತ್ತು ಅಂತ..."

"ಅಮ್ಮ ಪಿಂಚಣಿ ಕಚೇರೀಲಿ ಬದುಕಿದ್ದೀನಿ ಅಂತ ಮುಖ ತೋರಿಸೋಕೆ ನಾಳೆನೇ ಕೊನೇ ದಿನ!"

ಎಣ್ಣೆ ಹಚ್ಚಿ ತಿಕ್ಕಿದೆವು. ತಿಕ್ಕಿದಷ್ಟೂ ಅತ್ತೆ ಫಳಫಳ ಹೊಳೆದರು.

ಸೋಮವಾರ ಕಚೇರಿಯ ಗುಮಾಸ್ತ ಪಿಂಚಣಿ ಪುಸ್ತಕದ ಫೋಟೊ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಫೋಟೊ ನೋಡಿದ.

"ಇದು ಪ್ರತಿಮೆ ಇದ್ದ ಹಾಗಿದೆ. ಜೀವ ಇದೆ ಅಂತ ನಾನು ಹೇಗ್ರೀ ಬರ್ಕೊಡ್ಲಿ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಊರನ್ನೇ ಬೆಚ್ಚಿಬೀಳಿಸಲು ಹೊರಟಿದ್ದ ನಾನು ಮೆಲ್ಲಗೆ ಕಂಬದ ಹಿಂದೆ ಸರಿದೆ. ಅತ್ತೆ ಒಂದಿಂಚೂ ಸರಿಯಲಿಲ್ಲ. ಕೌಂಟರಿನ ಕಿಂಡಿಯೊಳಗೆ ಚಿನ್ನದ ಮುಖ ತೂರಿಸಿ, ಭಾನುವಾರದ ಸಂಭಾಷಣೆಯಿಂದ ಆಯ್ದ ಮೂರೇ ಮೂರು ಸಾಲು ಹೇಳಿದರು.

ಯಾರದೋ ಕೈಯಿಂದ ಛತ್ರಿ ಬಿತ್ತು.

"ಬದುಕಿದ್ದೀರಿ ತಾಯಿ, ಚೆನ್ನಾಗೇ ಬದುಕಿದ್ದೀರಿ!" ಎಂದು ಗುಮಾಸ್ತ ದಡದಡನೆ ಮುದ್ರೆ ಒತ್ತಿದ.

ಮನೆಗೆ ಬಂದವರೇ ಅತ್ತೆ ನನ್ನ ಸಿನಿಮಾ ನೋಡಲು ಕೂತರು. ಅವರು ಬಾಯಿ ತೆರೆದಲ್ಲೆಲ್ಲ ಪಿಟೀಲು ಕುಯ್ಯೆಂದಿತು. ಬೈಗುಳಗಳಿಗೆ ಹೆದರಿ ಹಿಂದಿನ ಸಂಜೆಯೇ ನಾನು ಅವುಗಳ ಮೇಲೆ ಸಂಗೀತ ಮೆತ್ತಿದ್ದೆ!

"ಅಳಿಯಂದ್ರೇ," ಎಂದರು ಅತ್ತೆ, ಫೇಲಾದವನಿಗೆ ಅಂಕ ಹೇಳುವ ದನಿಯಲ್ಲಿ. "ಇಂಥ ಸಿನಿಮಾ ಮಾಡೋಕೆ ಮಾನ ಮರ್ಯಾದೆ ಬಿಟ್ಟಿರ್ಬೇಕು. ನಿಮ್ಮ ಹತ್ರ ಅದು ತುಂಬಾ ಉಳಿದಿದೆ. ಬರೋ ಭಾನುವಾರ ಮತ್ತೆ ತೆಗೆಯೋಣ. ನಿರ್ದೇಶನ ನನ್ನದು, ಕ್ಯಾಮೆರಾ ಇವಳದು."

"ನನಗೇನು ಪಾತ್ರ, ಅತ್ತೆ?"

"ಪಾತ್ರ ಇಲ್ಲ. ಸಿಂಕಲ್ಲಿ ಕೇಕು ಅಂಟಿರೋ ಪಾತ್ರೆ ಇದೆ. ತೊಳೀರಿ."